ಗ್ರಾವಿಟಿ (ಚಲನಚಿತ್ರದ ಖಗೋಳ–ಭೌತವಿಜ್ಞಾನ)

ಆಲ್ಫೊನ್ಸೊ ಕ್ವಾರೋನ್ ನಿರ್ದೇಶಿಸಿದ 2013ರ ಹಾಲಿವುಡ್ ಚಿತ್ರ. ಕಥೆಯಲ್ಲಿ ರಷ್ಯಾ ತನ್ನದೇ ಉಪಗ್ರಹವನ್ನು ಕ್ಷಿಪಣಿಯಿಂದ ಒಡೆದಾಗ ಚೂರುಗಳು ಸರಣಿಯಾಗಿ ಇತರ ನೌಕೆಗಳನ್ನು ಪುಡಿಗಟ್ಟುತ್ತವೆ. ಇಂಥ ಸರಣಿ ಡಿಕ್ಕಿಯ ಸಾಧ್ಯತೆಯನ್ನು ಡೊನಾಲ್ಡ್ ಕೆಸ್ಲರ್ 1978ರಲ್ಲೇ ವಿವರಿಸಿದ್ದರು.

ಈ ಚೂರುಗಳನ್ನು ಮಾರಕವಾಗಿಸುವ ಕಕ್ಷಾವೇಗ ಎಷ್ಟೆಂದು ನಮ್ಮೂರ ಅಳತೆಯಲ್ಲಿ ಹೇಳುವುದಾದರೆ, ಶಿವಮೊಗ್ಗ–ಭದ್ರಾವತಿ ನಡುವಿನ ಸುಮಾರು 20 ಕಿ.ಮೀ. ದಾಟಲು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಮೂರು ಸೆಕೆಂಡೂ ಬೇಡ. ಅಲ್ಲಿ ಗುರುತ್ವ ಇಲ್ಲವೆಂಬುದು ತಪ್ಪು ಕಲ್ಪನೆ. ನೆಲದ ಗುರುತ್ವದ ಶೇ. 90ರಷ್ಟು ಇದ್ದೇ ಇದೆ. ನೌಕೆಯೂ ಯಾತ್ರಿಯೂ ಒಟ್ಟಿಗೆ ಬೀಳುತ್ತಲೇ ಇರುವುದರಿಂದ ತೂಕ ತಿಳಿಯದು.

ಚಿತ್ರದ ದೊಡ್ಡ ಎಡವಟ್ಟು, ಯಾತ್ರಿಗಳು ಹಬಲ್ ದೂರದರ್ಶಕದಿಂದ ನಿಲ್ದಾಣಕ್ಕೆ ತೇಲಿಹೋಗುವುದು. ಚಿತ್ರ ಬಂದಾಗ ಎರಡರ ಎತ್ತರದಲ್ಲಿ 100 ಕಿ.ಮೀ.ಗೂ ಹೆಚ್ಚು ಅಂತರವಿತ್ತು, ಕಕ್ಷೆಯ ಓರೆಯೂ ಬೇರೆ (28.5 ಮತ್ತು 51.6 ಡಿಗ್ರಿ). ಇಬ್ಬರು ಯಾತ್ರಿಗಳು ಹಗ್ಗಕ್ಕೆ ಜೋತಿರುವ ದೃಶ್ಯವೂ ಸರಿಯಿಲ್ಲ: ಇಬ್ಬರೂ ನಿಂತ ಮೇಲೆ ಎಳೆಯುವ ಬಲವೇ ಇರುವುದಿಲ್ಲ. ನಿರ್ವಾತದಲ್ಲಿ ಸ್ಫೋಟ ನಿಶ್ಶಬ್ದವಾಗಿರುವುದು ಮಾತ್ರ ಮೆಚ್ಚತಕ್ಕದ್ದು.

ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದ ಶಿವಮೊಗ್ಗ, ಭದ್ರಾವತಿಗಳ ನೆತ್ತಿಯ ಮೇಲೆ ಹಬಲ್, ನಿಲ್ದಾಣ ಎರಡೂ ಹಾಯುತ್ತವೆ. ಮೋಡವಿಲ್ಲದ ಮುಸ್ಸಂಜೆ ಅಥವಾ ನಸುಕಿನಲ್ಲಿ ಹಾದುಹೋಗುವ ನಿಲ್ದಾಣವನ್ನು ತಾರಸಿಯಿಂದ ಬರಿಗಣ್ಣಿಗೇ ನೋಡಬಹುದು.