ಗುಂಡಿನ ಆಯ್ಕೆಯೂ ಅದರ ದೂರವೂ: ವಾಗಣಗೇರಿಯ ಮುತ್ತಿಗೆಯನ್ನು ಕುರಿತ ಒಂದು ವಿಚಾರ

ಕೃಷ್ಣಾ ಭೀಮಾ ನದಿಗಳ ನಡುವಣ ಸುರಪುರ, ಶಹಾಪುರಗಳ ಸೀಮೆಯಲ್ಲಿಯೂ ಭೀಮೆಯ ದಡದ ಯಾದಗಿರಿಯ ಸುತ್ತಲೂ ಆಳಿದ ಬೇಡ ನಾಯಕರ ಚರಿತ್ರೆಯಲ್ಲಿ ಕೋವಿಯ ಪ್ರಸ್ತಾಪವು ಪದೇ ಪದೇ ಬರುವುದು. ಬೇಡರ ಗುರಿಗಾರಿಕೆಯನ್ನು ಅವರ ಶತ್ರುಗಳೇ ಹೊಗಳಿರುವರು. ಆದರೆ ಈ ಕೀರ್ತಿಗೆ ಕಾರಣವನ್ನು ಹೇಳಬೇಕಾದಾಗ ಅನೇಕರು ಅದನ್ನು ಒಂದು ಕುಲದ ಹುಟ್ಟುಗುಣವೆಂದು ಹೇಳಿ ಮುಗಿಸಿಬಿಡುವುದುಂಟು. ಗುಂಡು ದೂರ ಹೋಗುವುದು ಹೊಡೆಯುವವನ ಕೈಯಿಂದಲೋ, ಕೋವಿಯಿಂದಲೋ, ಗುಂಡಿನ ಆಯ್ಕೆಯಿಂದಲೋ ಎಂಬುದನ್ನು ವಿಚಾರಿಸದೆ ಆ ಮಾತನ್ನು ಒಪ್ಪುವುದು ಯುಕ್ತವಲ್ಲ.

ಮೊದಲು ನಡೆದ ಸಂಗತಿ. ಶಹಾಪುರದ ಸಮೀಪದ ಸಗರವು 1687ರಲ್ಲಿ ಮೊಗಲರ ವಶವಾದ ಬಳಿಕ ನಾಯಕರ ಬಲವು ಸುರಪುರದ ಹತ್ತಿರದ ವಾಗಣಗೇರಿಯಲ್ಲಿ ಕೂಡಿಕೊಂಡಿತು. ಪಿಡ್ಡನಾಯಕನನ್ನು ಅಡಗಿಸಲು ಔರಂಗಜೇಬನು ತಾನೇ ದಂಡೆತ್ತಿ ಬಂದು 1705ನೆಯ ಫೆಬ್ರವರಿ 8ರಂದು ಮುತ್ತಿಗೆ ಹಾಕಿದನು. ಇದು ಅವನು ಸ್ವತಃ ನಡೆಸಿದ ಮುತ್ತಿಗೆಗಳಲ್ಲಿ ಕೊನೆಯದು. ಕೋಟೆಯೆದುರಿನ ಕೆಂಪು ಗುಡ್ಡವನ್ನು ಮೊಗಲರು ಹಿಡಿದರೂ ಬೇಡರು ಗುಂಡು ಕಲ್ಲುಗಳ ಮಳೆಗರೆದು ಅವರನ್ನು ಅಲ್ಲಿಂದ ಹೊರಡಿಸಿದರು. ಹನ್ನೊಂದು ವಾರಗಳ ಕಾಲ ಸಾಮ್ರಾಜ್ಯದ ತೋಪುಗಳಿಗೆ ಆ ಸಣ್ಣ ಕೋಟೆಯು ಬಗ್ಗಲಿಲ್ಲ. ಜುಲ್ಫಿಕಾರ್ ಖಾನನು ಬಂದು ಕೋಟೆಯವರು ನೀರು ತರುತ್ತಿದ್ದ ಬಾವಿಗಳನ್ನು ಹಿಡಿದ ಮೇಲೆ, ಏಪ್ರಿಲ್ 27ರ ರಾತ್ರಿ ನಾಯಕನು ಮರಾಠರ ನೆರವಿನಿಂದ ಹೊರಟುಹೋದನು. ಶತ್ರುವಿಗೆ ದೊರೆತದ್ದು ಬರಿದಾದ ಕೋಟೆ.

ಇನ್ನು ಗುಂಡಿನ ವಿಚಾರ. ಆ ಕಾಲದಲ್ಲಿ ಗುಂಡುಗಳು ಕಲ್ಲಿನವು, ಕಬ್ಬಿಣದವು, ಸೀಸದವು ಎಂದು ಮೂರು ಬಗೆಯಾಗಿದ್ದವು. ಒಂದೇ ಗಾತ್ರದ ನೀರಿಗಿಂತ ಕಲ್ಲು ಸುಮಾರು 2.7ರಷ್ಟು, ಎರಕದ ಕಬ್ಬಿಣವು 7.2ರಷ್ಟು, ಸೀಸವು 11.3ರಷ್ಟು ಭಾರವುಳ್ಳದ್ದು. ಸಮಗಾತ್ರದ ಗುಂಡುಗಳು ಸಮವೇಗದಿಂದ ಹೋಗುವಾಗ ಗಾಳಿಯ ತಡೆಯು ಸಮವೇ ಆಗಿರುವುದು. ಆದರೆ ಭಾರವಾದದ್ದನ್ನು ಆ ತಡೆಯು ಬೇಗನೆ ನಿಧಾನಗೊಳಿಸಲಾರದು. ಆದಕಾರಣ ಕಲ್ಲಿನ ಗುಂಡು ಬೇಗ ಸೊರಗುವುದು, ಸೀಸದ ಗುಂಡು ತನ್ನ ವೇಗವನ್ನು ಕಾಯ್ದುಕೊಳ್ಳುವುದು. ಹಾಗೆಂದು ಎಲ್ಲ ಕಡೆಯೂ ಭಾರವಾದ ಗುಂಡನ್ನೇ ಆರಿಸುವಂತಿರಲಿಲ್ಲ. ಅದನ್ನು ಅಷ್ಟೇ ವೇಗದಿಂದ ನೂಕಲು ಹೆಚ್ಚು ಮದ್ದು ಬೇಕು. ಹೆಚ್ಚು ಮದ್ದನ್ನು ತಡೆಯಲು ದಪ್ಪವಾದ ನಳಿಗೆ ಬೇಕು. ಅಗಲ ಬಾಯಿಯ ತೋಪುಗಳಿಗೆ ಕಲ್ಲಿನ ಗುಂಡು ಬಹುಕಾಲ ಒಗ್ಗಿಕೊಂಡದ್ದು ಇದರಿಂದಲೇ.

ಭಾರದಷ್ಟೇ ಮುಖ್ಯವಾದದ್ದು ಹೊಂದಿಕೆ. ನಳಿಗೆಗಿಂತ ಗುಂಡು ತೀರ ಸಣ್ಣದಾದರೆ ಮದ್ದಿನ ಹೊಗೆಯು ಸಂದಿನಿಂದ ನುಸುಳಿ ಬಲವು ಸೋರಿಹೋಗುವುದು. ಗುಂಡು ನಳಿಗೆಯ ಗೋಡೆಗೆ ಬಡಿಯುತ್ತ ಹೊರಬಿದ್ದು ತೋಚಿದ ಕಡೆಗೆ ತಿರುಗುವುದು. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸನು 1742ರಲ್ಲಿ ಪ್ರಕಟಿಸಿದ ಫಿರಂಗಿವಿದ್ಯೆಯ ಗ್ರಂಥದಲ್ಲಿ ಗುಂಡಿನ ವೇಗವನ್ನು ತೂಗುಲೋಲಕದಿಂದ ಅಳೆದು, ಗಾಳಿಯ ತಡೆಯು ಎಣಿಸಿದ್ದಕ್ಕಿಂತ ಬಹಳ ಹೆಚ್ಚೆಂದು ತೋರಿಸಿದನು. ಗುಂಡು ಪಕ್ಕಕ್ಕೆ ಸರಿಯಲು ಅದು ಸುತ್ತುವುದೇ ಕಾರಣವೆಂದು ಕಂಡವನೂ ಅವನೇ. ಮುಂದೆ ಕಂಪೆನಿಯ ಕೋಟೆಗಳ ಕೆಲಸಕ್ಕಾಗಿ ಭಾರತಕ್ಕೆ ಬಂದು ಅವನು 1751ರಲ್ಲಿ ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ಉದ್ದ ನಳಿಗೆಗೆ ಬಿಗಿಯಾಗಿ ಹೊಂದುವ ಸೀಸದ ಗುಂಡಿನ ಮೇಲ್ಮೆಯು 1839–42ರ ಆಫ್ಘನ್ ಯುದ್ಧದಲ್ಲಿ ಸ್ಪಷ್ಟವಾಯಿತು. ಅಲ್ಲಿನ ಜಜಾಯಿಲ್ ಕೋವಿಗಳು ಇಂಗ್ಲಿಷರ ಸಡಿಲ ಗುಂಡಿನ ಕೋವಿಗಳಿಗೆ ಎಟುಕದ ದೂರದಿಂದ ಹೊಡೆದವು.

ಇದೇ ಪ್ರಶ್ನೆಯನ್ನು ಗಾಲ್ಫ್ ಆಟದ ಚೆಂಡು ಇನ್ನಷ್ಟು ನಿಷ್ಕೃಷ್ಟವಾಗಿ ಬಿಡಿಸಿರುವುದು. ಕನ್ನಡ ನಾಡಿನಲ್ಲಿ ಈ ಆಟದ ಸಂಘವು ಬೆಂಗಳೂರಿನಲ್ಲಿ 1876ರಲ್ಲಿಯೇ ಸ್ಥಾಪಿತವಾಯಿತು. ಗಟ್ಟಾಪರ್ಚ ಎಂಬ ಮರದ ಹಾಲಿನಿಂದ ಮಾಡಿದ ಚೆಂಡು 1848ರ ಸುಮಾರಿಗೆ ಬಳಕೆಗೆ ಬಂದಾಗ, ನುಣುಪಾದ ಹೊಸ ಚೆಂಡಿಗಿಂತ ಏಟು ತಿಂದು ಗಾಯಗೊಂಡ ಹಳೆಯ ಚೆಂಡೇ ಚೆನ್ನಾಗಿ ಹಾರುವುದನ್ನು ಆಟಗಾರರು ಕಂಡರು. ಚೆಂಡಿನ ಮೈಮೇಲಿನ ಸಣ್ಣ ಕುಳಿಗಳು ಗಾಳಿಯನ್ನು ಹೆಚ್ಚು ಹೊತ್ತು ಮೈಗೆ ಅಂಟಿಸಿಕೊಂಡು ಹಿಂದಿನ ಸುಳಿಯನ್ನು ಕಿರಿದುಮಾಡುವುದರಿಂದ ತಡೆಯು ಸುಮಾರು ಅರ್ಧಕ್ಕೆ ಇಳಿಯುವುದು. ಹಿಮ್ಮುಖವಾಗಿ ಸುತ್ತುವ ಚೆಂಡನ್ನು ಗಾಳಿಯು ಮೇಲಕ್ಕೂ ಎತ್ತುವುದು. ನುಣುಪು ಚೆಂಡು ಕುಳಿಯುಳ್ಳ ಚೆಂಡಿನ ಅರ್ಧದೂರವನ್ನಷ್ಟೇ ಮುಟ್ಟುವುದು. ಆದರೆ ಇಂದಿನ ನಿಯಮವು ಚೆಂಡಿನ ಭಾರವನ್ನು 45.93 ಗ್ರಾಮಿಗೆ ಮಿಗದಂತೆ, ಅಡ್ಡಳತೆಯನ್ನು 42.67 ಮಿಲಿಮೀಟರಿಗೆ ಕಡಮೆಯಾಗದಂತೆ ಕಟ್ಟಿಹಾಕಿ, ಹೋಗಬಹುದಾದ ದೂರಕ್ಕೂ ಮಿತಿಯಿಟ್ಟಿದೆ. ಆದಕಾರಣ ನಿಯಮಬದ್ಧವಾದ ಒಳ್ಳೆಯ ಚೆಂಡುಗಳ ನಡುವಣ ಭೇದವು, ದಾಂಡಿನ ವೇಗದಿಂದಾಗುವ ಭೇದದ ಮುಂದೆ ಅಲ್ಪವಾದದ್ದು.

ಈ ಎರಡನ್ನೂ ಜೊತೆಯಲ್ಲಿಟ್ಟು ನೋಡಿದರೆ ಉತ್ತರವು ತಾನಾಗಿ ಹೊರಡುವುದು. ಕೆಟ್ಟ ಗುಂಡಿಗೂ ಒಳ್ಳೆಯ ಗುಂಡಿಗೂ ಇರುವ ಅಂತರವು ದೊಡ್ಡದು. ಅದನ್ನು ಯಾವ ಕೈಚಳಕವೂ ತುಂಬಲಾರದು. ಒಳ್ಳೆಯ ಗುಂಡುಗಳೊಳಗಿನ ಅಂತರವು ಚಿಕ್ಕದು. ಅಲ್ಲಿ ಕೈಯೇ ಮೇಲು. ವಾಗಣಗೇರಿಯ ಬೆಟ್ಟದ ಎತ್ತರವು ಗುಂಡಿಗೆ ಒಂದಿಷ್ಟು ದೂರವನ್ನು ಕೂಡಿಸಿತೆಂದರೂ, ಸಡಿಲವಾದ ಗುಂಡಿನಿಂದ ಅಂಥ ಗುರಿಯು ಸಾಧಿಸದು. ಆದುದರಿಂದ ಬೇಡರ ಗುರಿಗಾರಿಕೆಯ ಹಿಂದೆ ಸೀಸವನ್ನು ಕರಗಿಸಿದವನು, ಅಚ್ಚನ್ನು ನಳಿಗೆಗೆ ಸರಿಹೊಂದಿಸಿದ ಕಮ್ಮಾರನು, ಮದ್ದನ್ನು ಅರೆದು ಅಳೆದವನು ಇವರೆಲ್ಲರ ದುಡಿಮೆಯಿದ್ದಿತೆಂದು ತಿಳಿಯಬೇಕು. ಹುಟ್ಟುಗುಣವೆಂಬ ಹೊಗಳಿಕೆಯು ಕಿವಿಗೆ ಇಂಪಾದರೂ, ಕಲಿತು ಸಾಧಿಸಿದ ವಿದ್ಯೆಯೊಂದನ್ನು ಆ ಜನರ ಲೆಕ್ಕದಿಂದ ತೆಗೆದುಹಾಕುವುದು. ಸುರಪುರದ ಚರಿತ್ರೆಯನ್ನು ಬರೆಯುವವರು ನಾಯಕರ ಶೌರ್ಯದ ಜೊತೆಗೆ ಈ ಕುಶಲಕರ್ಮವನ್ನೂ ಎಣಿಕೆಗೆ ತಂದುಕೊಳ್ಳುವುದು ನ್ಯಾಯವಾದುದು.