ಕಾರಿನೊಳಗಿನ ಸರಪಳಿ

ಹಳೆಯ ಅಂಬಾಸಿಡರ್ ಕಾರನ್ನು ಚಾಲೂ ಮಾಡಿದೊಡನೆ ಎಂಜಿನ್ನಿನ ಮುಂಭಾಗದಿಂದ ಕರಕರ ಸದ್ದು ಬಂದರೆ, ಪಳಗಿದ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ‘ಚೈನ್ ಹೋಗಿದೆ ಸಾರ್’ ಎಂದುಬಿಡುತ್ತಿದ್ದ. ಹೋಗಿದೆ ಎಂದರೆ ತುಂಡಾಗಿದೆ ಎಂದಲ್ಲ, ಸವೆದು ಉದ್ದವಾಗಿದೆ ಎಂದರ್ಥ.

ಈ ಟೈಮಿಂಗ್ ಚೈನ್ ಕೆಳಗಿನ ಕ್ರ್ಯಾಂಕ್ ಶಾಫ್ಟನ್ನೂ ವಾಲ್ವುಗಳನ್ನು ತೆರೆಸುವ ಕ್ಯಾಮ್ ಶಾಫ್ಟನ್ನೂ ಬೆಸೆಯುತ್ತದೆ. ಮೊದಲನೆಯದು ಎರಡು ಸುತ್ತು ಹಾಕಿದಾಗ ಎರಡನೆಯದು ಒಂದೇ ಸುತ್ತು ಹಾಕಬೇಕು. ಒಂದು ಹಲ್ಲು ಆಚೀಚೆಯಾದರೂ ಎಂಜಿನ್ ತಾಳ ತಪ್ಪುತ್ತದೆ.

ಇಂಥ ಸರಪಳಿ ಹುಟ್ಟಿದ್ದು ಕಾರಿಗಾಗಿ ಅಲ್ಲ. ಸ್ವಿಟ್ಜರ್ಲೆಂಡಿನಿಂದ ಇಂಗ್ಲೆಂಡಿಗೆ ಬಂದ ಹ್ಯಾನ್ಸ್ ರೆನಾಲ್ಡ್ 1879ರಲ್ಲಿ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ ಜವಳಿ ಯಂತ್ರಗಳಿಗೆ ಚೈನ್ ಮಾಡುವ ಸಣ್ಣ ಕಾರ್ಖಾನೆಯೊಂದನ್ನು ಕೊಂಡ. ಆಗಿನ ಚೈನಿನಲ್ಲಿ ಭಾರವೆಲ್ಲ ತೆಳು ತಗಡಿನ ಅಂಚಿನ ಮೇಲೆ ಬಿದ್ದು ಪಿನ್ನುಗಳು ಬೇಗ ಸವೆಯುತ್ತಿದ್ದವು. ಪಿನ್ನಿನ ಸುತ್ತ ಬುಷ್ ಕೂರಿಸಿ ಆತ ಭಾರವನ್ನು ಹಂಚಿದ. 1880ರ ಈ ಪೇಟೆಂಟಿನ ವಂಶದ ಚೈನೇ ಸೈಕಲ್ಲಿಗೂ ಕಾರಿಗೂ ಬಂತು. ಸವೆತ ನಿಧಾನವಾಯಿತು, ನಿಲ್ಲಲಿಲ್ಲ. ಪ್ರತಿ ಕೊಂಡಿಯಲ್ಲೂ ಕೂದಲೆಳೆಯಷ್ಟು ಸವೆದರೆ ಸಾಕು, ಎಲ್ಲ ಸೇರಿ ಚೈನ್ ಜೋಲುತ್ತದೆ.

ಅಂಬಾಸಿಡರಿನ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪೆನಿಯ ಬಿ-ಸರಣಿಯದು. ಅದರ ಚೈನ್ ಬದಲಿಸುವುದು ಕಷ್ಟವಲ್ಲ, ತಾಳ್ಮೆಯ ಕೆಲಸ. ನೀರು ಬಸಿದು ರೇಡಿಯೇಟರ್ ಇಳಿಸಬೇಕು, ಫ್ಯಾನ್ ಬೆಲ್ಟ್ ತೆಗೆಯಬೇಕು. ಪುಲ್ಲಿಯನ್ನು ಹಿಡಿದಿರುವ ದೊಡ್ಡ ನಟ್ ಸುಲಭಕ್ಕೆ ಜಗ್ಗದು. ಹ್ಯಾಂಡಲ್ ಹಾಕಿ ಕಾರು ತಿರುಗಿಸುತ್ತಿದ್ದ ಕಾಲದಲ್ಲಿ ಹ್ಯಾಂಡಲ್ ಸಿಕ್ಕುತ್ತಿದ್ದುದು ಅದಕ್ಕೇ. ಮುಚ್ಚಳ ಬಿಚ್ಚಿದ ಮೇಲೆ ಎರಡು ಹಲ್ಲುಚಕ್ರಗಳ ಮೇಲಿನ ಚುಕ್ಕೆಗಳು ಒಂದಕ್ಕೊಂದು ಎದುರಾಗುವಂತೆ ತಿರುಗಿಸಿ, ಚಕ್ರಗಳನ್ನೂ ಚೈನನ್ನೂ ಒಟ್ಟಿಗೇ ಎಳೆದು ತೆಗೆಯಬೇಕು. ಹೊಸದನ್ನು ಕೂರಿಸುವಾಗಲೂ ಆ ಚುಕ್ಕೆಗಳೇ ಸಾಕ್ಷಿ. ಖರ್ಚು ಉಳಿಸಲು ಚೈನ್ ಮಾತ್ರ ಹೊಸದು ಹಾಕಿ ಸವೆದ ಚಕ್ರ ಉಳಿಸಿಕೊಂಡವರುಂಟು. ಹಳೆಯ ಹಲ್ಲು ಹೊಸ ಚೈನನ್ನೂ ಬೇಗ ತಿನ್ನುವುದರಿಂದ ಅದು ಉಳಿತಾಯವೇ ಅಲ್ಲ.

ಈ ನಡುವೆ ಜಗತ್ತು ಬೆಲ್ಟಿನತ್ತ ಹೊರಳಿತ್ತು. ಜರ್ಮನಿಯ ಗ್ಲಾಸ್ ಕಂಪೆನಿ 1962ರಲ್ಲಿ ತನ್ನ 1004 ಕಾರಿಗೆ ಹಲ್ಲಿರುವ ರಬ್ಬರ್ ಬೆಲ್ಟ್ ಅಳವಡಿಸಿತು. ಬೆಲೆ ಕಡಿಮೆ, ಸದ್ದಿಲ್ಲ, ಎಣ್ಣೆ ಬೇಡ. 1983ರ ಕೊನೆಯಲ್ಲಿ ಬಂದ ಮಾರುತಿ 800ರ ಎಂಜಿನ್ನಿನಲ್ಲೂ ಬೆಲ್ಟೇ ಇತ್ತು. ಅಂಬಾಸಿಡರ್ ನೋಡಿಕೊಂಡು ಬೆಳೆದ ಕಿವಿಗೆ ಇದು ಹೊಸ ಪೇಚು. ಬೆಲ್ಟು ಸಾಮಾನ್ಯವಾಗಿ ಮುನ್ಸೂಚನೆ ಕೊಡದೆ ಹರಿಯುತ್ತದೆ. ಹಲವು ಎಂಜಿನ್‌ಗಳಲ್ಲಿ ಆಗ ಪಿಸ್ಟನ್ ವಾಲ್ವಿಗೆ ಬಡಿದು, ಕೆಲವು ಸಾವಿರದಲ್ಲಿ ಮುಗಿಯಬೇಕಾದ ಕೆಲಸ ಇಡೀ ಎಂಜಿನ್ ಬಿಚ್ಚುವವರೆಗೆ ಹೋಗುತ್ತದೆ. ಆದ್ದರಿಂದ ಬೆಲ್ಟನ್ನು ಬದಲಿಸಬೇಕಾದದ್ದು ಸದ್ದು ಕೇಳಿ ಅಲ್ಲ, ಕಿಲೋಮೀಟರ್ ಲೆಕ್ಕ ಹಿಡಿದು.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಆದರೆ ಚೈನ್ ಮರಳಿ ಬಂದಿದೆ. ಮಾರುತಿಯೇ 2008ರಲ್ಲಿ ಎ-ಸ್ಟಾರ್ ಕಾರಿನೊಡನೆ ತಂದ ಕೆ-ಸರಣಿ ಎಂಜಿನ್ನಿನಲ್ಲಿ ಇರುವುದು ಚೈನ್. ಕಾಲಕ್ಕೆ ಸರಿಯಾಗಿ ಎಣ್ಣೆ ಬದಲಿಸದಿದ್ದರೆ ಇದೂ ಸವೆಯುತ್ತದೆ, ಇದೂ ಕರಕರ ಎನ್ನುತ್ತದೆ. ಗಾಜು ಏರಿಸಿ, ಹಾಡು ಹಾಕಿಕೊಂಡು ಕೂತವರಿಗೆ ಅದು ಕೇಳಿಸಬೇಕಷ್ಟೆ.