ಘೋರ ಕಥೆಗಳೂ ಓದುಗರ ರುಚಿಯೂ

ವಯಸ್ಕರಿಗೆಂದೇ ಬರೆದ ಅದ್ಭುತ ಕಥೆಗಳನ್ನು ಕುರಿತು ಓದುಗರಲ್ಲಿ ಒಂದು ವಾದ ನಡೆದೇ ಇದೆ. 1954–55ರಲ್ಲಿ ಪ್ರಕಟವಾದ ಟೋಲ್ಕಿನ್ನರ ಬೃಹತ್ಕಥೆಯಲ್ಲಿ ಕೇಡು ಎಷ್ಟೇ ಪ್ರಬಲವಾಗಿದ್ದರೂ ಒಳಿತಿನ ದಿಕ್ಕು ಓದುಗನಿಗೆ ತಪ್ಪುವುದಿಲ್ಲ. 1996ರಲ್ಲಿ ಮೊದಲ ಸಂಪುಟ ಕಂಡ ಜಾರ್ಜ್ ಮಾರ್ಟಿನ್ನರ ಕಾದಂಬರಿಮಾಲೆಯಲ್ಲಿ ಆ ಭರವಸೆ ಇಲ್ಲ. ಅಲ್ಲಿ ಸಜ್ಜನನ ತಲೆಯೂ ಉರುಳುತ್ತದೆ. ಕಾಮ, ದ್ರೋಹ, ರಕ್ತ ಯಾವುದಕ್ಕೂ ತೆರೆ ಇಲ್ಲ. ನನ್ನ ಪರಿಚಯದ ಓದುಗರಲ್ಲಿ ಕೆಲವರು ಇದನ್ನೇ ನಿಜವಾದ ಬದುಕೆಂದು ಮೆಚ್ಚುತ್ತಾರೆ. ಮತ್ತೆ ಕೆಲವರು ನಾಲ್ಕು ಪ್ರಕರಣ ಓದಿ ಪುಸ್ತಕ ಮುಚ್ಚಿಡುತ್ತಾರೆ. ಮೆಚ್ಚಿದವರು ಮುಚ್ಚಿಟ್ಟವರನ್ನು ಅಳ್ಳೆದೆಯವರೆನ್ನುತ್ತಾರೆ. ಮುಚ್ಚಿಟ್ಟವರು ಮೆಚ್ಚಿದವರನ್ನು ಅಭಿರುಚಿಹೀನರೆನ್ನುತ್ತಾರೆ. ಈ ರುಚಿಯೂ ಈ ಜಗಳವೂ ಹೊರಗಿನಿಂದ ಬಂದ ಹೊಸ ಸರಕೆಂದು ಭಾವಿಸುವವರಿಗೆ ನಮ್ಮ ಸಾಹಿತ್ಯದ ಹಳೆಯ ಪುಟಗಳನ್ನು ನೆನಪಿಸುವುದು ನನ್ನ ಉದ್ದೇಶ.

ಮೊದಲು ಪುಸ್ತಕಗಳ ಆಚೆಗಿನ ಒಂದು ಕಥೆಯನ್ನು ನೋಡೋಣ. ಸವದತ್ತಿಯ ಸೀಮೆಯಲ್ಲಿರುವ ಸಿರಸಂಗಿ ಕಾಳಮ್ಮನ ಊರು. ಋಷ್ಯಶೃಂಗ ಮುನಿ ತಪಸ್ಸು ಮಾಡಿದ ನೆಲವಿದೆಂದೂ, ಯಜ್ಞಯಾಗಗಳನ್ನು ಕೆಡಿಸುತ್ತಿದ್ದ ದೈತ್ಯರನ್ನು ಕಾಳಿ ಸಂಹರಿಸಿದಳೆಂದೂ ಸ್ಥಳಪುರಾಣ ಹೇಳುತ್ತದೆ. ಹಿರಿಕುಂಭಾಸುರ, ಚಿಕ್ಕುಂಭಾಸುರ, ಬೆಟ್ಟಾಸುರ ಮುಂತಾಗಿ ಆ ದೈತ್ಯರ ಹೆಸರುಗಳು. ಹಿರೇಕುಂಬಿ, ಚಿಕ್ಕುಂಬಿ, ಬೆಟಸೂರು ಎಂಬ ಊರುಗಳು ಇಂದಿಗೂ ಆ ಸುತ್ತಿನಲ್ಲಿವೆ. ರಕ್ತಪಾತದ ಕಥೆಯೊಂದು ಹೊಲಗದ್ದೆಗಳ ನಡುವೆ ಊರ ಹೆಸರಾಗಿ ಉಳಿದಿದೆ. ಯುಗಾದಿಯ ಸುಮಾರಿಗೆ ಜಾತ್ರೆ ನೆರೆದಾಗ ರೈತರು ದೇವಿಗೆ ಹೊಸ ಗೋಧಿಯನ್ನು ಒಪ್ಪಿಸುತ್ತಾರೆ. ಅಲ್ಲಿ ಈ ಕಥೆ ಕೇಳುವವನಿಗೆ ದೈತ್ಯನ ರುಂಡ ಅಸಹ್ಯವೆನಿಸುವುದಿಲ್ಲ. ಮಗ್ಗುಲಲ್ಲಿ ಮನೆಯವರಿದ್ದಾರೆ, ಎದುರಿಗೆ ದೇವಿ ಇದ್ದಾಳೆ, ಕಥೆಯ ಕೊನೆ ಎಲ್ಲರಿಗೂ ಮೊದಲೇ ಗೊತ್ತಿದೆ. ಸಮೂಹದಲ್ಲಿ ಕೇಳುವ ಘೋರ ಕಥೆಯಲ್ಲಿ ಭಯವನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ.

ಅದೇ ಬಗೆಯ ಕಥೆ ಬರಹಕ್ಕಿಳಿದು ಒಬ್ಬನೇ ಓದುವವನ ಕೈಗೆ ಬಂದಾಗ ಪರಿಸ್ಥಿತಿ ಬದಲಾಗುತ್ತದೆ. ಕನ್ನಡದ ಅತಿ ಪ್ರಾಚೀನ ಗದ್ಯಗಳಲ್ಲೊಂದಾದ 'ವಡ್ಡಾರಾಧನೆ'ಯ ಹತ್ತೊಂಬತ್ತು ಕಥೆಗಳಲ್ಲಿ ಸುಕುಮಾರಸ್ವಾಮಿಯ ಕಥೆ ಮೊದಲನೆಯದು. ಧ್ಯಾನದಲ್ಲಿ ನಿಂತ ಕೋಮಲದೇಹಿಯನ್ನು ಹೆಣ್ಣುನರಿಯೊಂದು ಮರಿಗಳೊಡನೆ ಬಂದು ಜೀವಂತವಾಗಿಯೇ ತಿನ್ನುತ್ತದೆ. ಅದು ಹಿಂದಿನ ಜನ್ಮದ ಹಗೆ. ಧರ್ಮಶ್ರದ್ಧೆಯುಳ್ಳ ಓದುಗನಿಗೆ ಇದು ಸಹನೆಯ ಪರಮಾವಧಿ. ಆ ಶ್ರದ್ಧೆಯನ್ನು ಹೊರಗಿಟ್ಟು ಓದುವವನಿಗೆ ಮೈ ನಡುಗಿಸುವ ಚಿತ್ರ.

ಇದಕ್ಕಿಂತಲೂ ಗಾಢವಾದದ್ದು ಜನ್ನನ 'ಯಶೋಧರ ಚರಿತೆ'. ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎನಿಸಿಕೊಂಡ ಜನ್ನ 1209ರಲ್ಲಿ ನಾಲ್ಕು ಅವತಾರಗಳ ಈ ಕಿರುಕಾವ್ಯವನ್ನು ಬಹುಮಟ್ಟಿಗೆ ಕಂದಪದ್ಯಗಳಲ್ಲೇ ರಚಿಸಿದ. ಚಂಡಮಾರಿಗೆ ನರಬಲಿ ಕೊಡಲು ಸಿದ್ಧನಾದ ಮಾರಿದತ್ತನೆದುರು, ಬಲಿಗೆಂದು ಹಿಡಿದು ತಂದ ಬಾಲಕನೇ ತನ್ನ ಹಿಂದಿನ ಜನ್ಮಗಳ ಕಥೆ ಹೇಳುತ್ತಾನೆ. ರಾಣಿ ಅಮೃತಮತಿ ಇರುಳಿನಲ್ಲಿ ಕೇಳಿದ ಹಾಡಿಗೆ ಮರುಳಾಗಿ, ಕುರೂಪಿಯಾದ ಮಾವುತನಿಗೆ ಮನಸೋಲುತ್ತಾಳೆ. ತಡವಾಗಿ ಬಂದಳೆಂದು ಅವನು ಹೊಡೆದರೂ ಅವನನ್ನು ಬಿಡಲಾರಳು. ಹಿಂಬಾಲಿಸಿ ಬಂದ ಯಶೋಧರ ಕತ್ತಿಗೆ ಕೈಹಾಕಿಯೂ ತಡೆದುಕೊಳ್ಳುತ್ತಾನೆ. ದುಃಸ್ವಪ್ನದ ನೆವ ಹೇಳಿದ ಮಗನಿಗೆ ತಾಯಿ ಪ್ರಾಣಿಬಲಿಯನ್ನು ಸೂಚಿಸುತ್ತಾಳೆ. ಅವನು ಒಪ್ಪದಿದ್ದಾಗ ಹಿಟ್ಟಿನ ಕೋಳಿಯನ್ನು ಕಡಿಯುವ ಒಪ್ಪಂದವಾಗುತ್ತದೆ. ಕಡಿದಾಗ ಆ ಹಿಟ್ಟಿನ ಕೋಳಿ ಕೂಗಿಕೊಳ್ಳುತ್ತದೆ! ಮುಂದೆ ರಾಣಿ ಇಕ್ಕಿದ ವಿಷದಿಂದ ಸತ್ತ ತಾಯಿಮಕ್ಕಳು ಜನ್ಮಜನ್ಮಾಂತರ ಪ್ರಾಣಿಗಳಾಗಿ ತೊಳಲುತ್ತಾರೆ. ನವಿಲಾದ ಮಗನನ್ನು ನಾಯಾದ ತಾಯಿಯೇ ಕೊಲ್ಲುತ್ತಾಳೆ.

ಈ ಕಾವ್ಯದ ಓದುಗರಲ್ಲಿ ನಾನು ಮೂರು ಬಗೆಯವರನ್ನು ಕಂಡಿದ್ದೇನೆ. ಮೊದಲನೆಯವರಿಗೆ ಬೇಕಾದದ್ದು ಫಲ: ಸಂಕಲ್ಪದ ಹಿಂಸೆಯೂ ಹಿಂಸೆಯೇ ಎಂಬ ತೀರ್ಮಾನ ದೊರೆತರೆ ನಡುವಣ ಘೋರವೆಲ್ಲ ಅವರಿಗೆ ಸಾರ್ಥಕ. ಎರಡನೆಯವರಿಗೆ ಬೇಕಾದದ್ದು ವಿಸ್ಮಯ: ಕೂಗುವ ಹಿಟ್ಟು, ಹುಟ್ಟುಸಾವುಗಳ ಸರಪಳಿ. ಮೂರನೆಯವರು ಇವೆರಡನ್ನೂ ದಾಟಿ ಅಮೃತಮತಿಯ ಬಳಿಯೇ ನಿಂತುಬಿಡುತ್ತಾರೆ. ಅವಳು ಏಕೆ ಹೀಗಾದಳು ಎಂಬ ಪ್ರಶ್ನೆ ಅವರನ್ನು ಮುಂದಕ್ಕೆ ಬಿಡುವುದಿಲ್ಲ. ಇದೇ ಕಥೆಯನ್ನೆತ್ತಿಕೊಂಡ ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' 1980ರಲ್ಲಿ ಬಂದಾಗ ಈ ಮೂರನೆಯ ಓದಿಗೆ ರಂಗಭೂಮಿಯೇ ದೊರೆತಂತಾಯಿತು. ಕಾವ್ಯ ಒಂದೇ ಆದರೂ ಮೂವರ ಹಸಿವು ಬೇರೆ ಬೇರೆ.

ಹೀಗೇಕೆ ಎಂಬುದನ್ನು ನಮ್ಮ ಮೀಮಾಂಸಕರೂ ವಿಚಾರಿಸಿದ್ದಾರೆ. ಭಯಾನಕ ಬೀಭತ್ಸಗಳಿಗೆ ಭರತನೇ ರಸಗಳ ಸಾಲಿನಲ್ಲಿ ಸ್ಥಾನ ಕೊಟ್ಟ. ಆದರೆ ಹೇಸಿಗೆಯಿಂದ ಆನಂದವೆಂತು? ರಸವೆಲ್ಲವೂ ಕೊನೆಗೆ ಆನಂದವೇ ಎಂದು ಅಭಿನವಗುಪ್ತನ ಮತ. ಹನ್ನೆರಡನೆಯ ಶತಮಾನದ ಗುಜರಾತಿನಲ್ಲಿ, ಹೇಮಚಂದ್ರನ ಶಿಷ್ಯರಾದ ರಾಮಚಂದ್ರ ಗುಣಚಂದ್ರರು 'ನಾಟ್ಯದರ್ಪಣ'ದಲ್ಲಿ ಇದನ್ನು ಒಪ್ಪಲಿಲ್ಲ. ಕರುಣ, ರೌದ್ರ, ಭಯಾನಕ, ಬೀಭತ್ಸಗಳು ದುಃಖವನ್ನೇ ಕೊಡುತ್ತವೆ. ಕವಿಯ ಮತ್ತು ನಟನ ಕೌಶಲವೇ ಪ್ರೇಕ್ಷಕನನ್ನು ಹಿಡಿದಿಡುತ್ತದೆ. ಪಾನಕದಲ್ಲಿ ಖಾರ ಬೆರೆತಾಗ ಸಿಹಿ ಇನ್ನಷ್ಟು ರುಚಿಸುವಂತೆ ಇದು ಎಂದರು. ಜನ್ನನಿಗೆ ತುಸು ಹಿಂದಿನ ಈ ಜೈನ ವಿದ್ವಾಂಸರ ಮಾತು ನನಗೆ ಹೆಚ್ಚು ಒಪ್ಪಿತ. ನೋವಾಯಿತೆಂದು ಹೇಳುವ ಓದುಗನ ಮಾತನ್ನು ಅದು ನಂಬುತ್ತದೆ. ಖಾರದ ಪ್ರಮಾಣ ನಾಲಗೆಯಿಂದ ನಾಲಗೆಗೆ ಬೇರೆ ಎಂಬುದಕ್ಕೂ ಅಲ್ಲಿ ಎಡೆಯಿದೆ.

ಹಾಗಾದರೆ ಎಲ್ಲ ರುಚಿಯೂ ಸಮಾನವೆ? ಒಂದು ಒರೆಗಲ್ಲು ಉಳಿಯುತ್ತದೆಂದು ನನ್ನ ನಂಬಿಕೆ. ಮಾವುತನ ಏಟನ್ನು ಜನ್ನ ಚಿತ್ರಿಸಿದ್ದು ಅಮೃತಮತಿಯ ಪರವಶತೆ ನಮಗೆ ತಿಳಿಯಲೆಂದು. ಆ ಏಟನ್ನು ತೆಗೆದರೆ ಅವಳೇ ಇಲ್ಲವಾಗುತ್ತಾಳೆ. ಯಾವ ಕಥೆಯಿಂದ ರಕ್ತವನ್ನು ತೊಳೆದರೂ ಏನೂ ಕಳೆದುಹೋಗದೋ ಅಲ್ಲಿ ಆ ರಕ್ತ ಬರಿಯ ಬಣ್ಣ. ಬೇತಾಳನ ಕಥೆಗಳ ಗತಿಯನ್ನು ನೋಡಿ. ಸ್ಮಶಾನ, ಹೆಣ, ವ್ಯಭಿಚಾರ, ಶಿರಚ್ಛೇದಗಳ ನಡುವೆ ಧರ್ಮಸಂಕಟದ ಪ್ರಶ್ನೆ ಕೇಳುತ್ತಿದ್ದ ಆ ಕಥೆಗಳು ನಮ್ಮ ಕಾಲದಲ್ಲಿ ಮಕ್ಕಳ ಮಾಸಪತ್ರಿಕೆಗಳ ಪಾಲಾದುವು. ಮಕ್ಕಳಿಗೆ ಅದು ಲಾಭವೇ. ಆದರೆ ಅದ್ಭುತವೆಂದರೆ ಮಕ್ಕಳದು, ವಾಸ್ತವವೆಂದರೆ ದೊಡ್ಡವರದು ಎಂಬ ಹೊಸ ಗಡಿಯನ್ನು ನಾವು ಹಾಕಿಕೊಂಡೆವು. ಇಂಗ್ಲಿಷ್ ಕಾದಂಬರಿಯೊಂದು ಆ ಗಡಿ ದಾಟಿದಾಗ ನಮ್ಮ ತರುಣರಿಗೆ ಅದು ಅಪೂರ್ವವೆನಿಸಿತು. ನಮ್ಮ ಹಿರಿಯರಿಗೆ ಅಸಹ್ಯವೆನಿಸಿತು. ಜನ್ನ ಇಬ್ಬರ ನೆನಪಿಗೂ ಬರಲಿಲ್ಲ.

ಸಿರಸಂಗಿಗೆ ಇನ್ನೊಂದು ಕೀರ್ತಿಯೂ ಇದೆ. 1906ರಲ್ಲಿ ತೀರಿಕೊಂಡ ಅಲ್ಲಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ವಿದ್ಯೆಗೆಂದು ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತಿದೆ. ಜಾತ್ರೆಯಲ್ಲಿ ಕೂಡಿ ಕಥೆ ಕೇಳಿದ ಮನೆಗಳ ಮಕ್ಕಳು ಇಂಥ ದಾನಗಳ ಬಲದಿಂದ ಒಂಟಿಯಾಗಿ ಕುಳಿತು ಓದುವವರಾದರು. ಒಂಟಿ ಓದುಗನಿಗೆ ಭಯವನ್ನು ಹಂಚಿಕೊಳ್ಳಲು ಮಗ್ಗುಲಲ್ಲಿ ಯಾರೂ ಇಲ್ಲ. ಅವನು ಎಷ್ಟನ್ನು ತಾಳಬಲ್ಲನೆಂಬುದನ್ನು ಅವನೇ ಗೊತ್ತುಮಾಡಿಕೊಳ್ಳಬೇಕು. ಪುಸ್ತಕ ಮುಚ್ಚಿಟ್ಟವನನ್ನು ಹೇಡಿಯೆಂದೂ ಕೊನೆಯವರೆಗೆ ಓದಿದವನನ್ನು ಕ್ರೂರಿಯೆಂದೂ ಕರೆಯುವ ಮೊದಲು, ಅವರವರು ಆ ಕಥೆಯಲ್ಲಿ ಏನನ್ನು ಹುಡುಕುತ್ತಿದ್ದರೆಂದು ಕೇಳುವ ತಾಳ್ಮೆ ನಮಗಿರಲಿ. ಕೇಳಿದ ಮೇಲೆ, ಸಾಧ್ಯವಾದರೆ, ಇಬ್ಬರ ಕೈಗೂ 'ಯಶೋಧರ ಚರಿತೆ'ಯನ್ನು ಕೊಡೋಣ.